ಒಬ್ಬರೇ ಕೂರುವ ಗೂಡು

ನಮ್ಮವರು ನಿವೃತ್ತರಾದ ಮೇಲೆ ಆಸೆಪಟ್ಟು ಕೊಂಡ ಮೊದಲ ವಸ್ತು ಯಾವುದೆಂದರೆ, ಜಿಂಕೆ ಬೇಟೆಯವರು ಅಡಗಿ ಕೂರುವ ಡೇರೆ. ಬೇಟೆ ಎಂದ ಕೂಡಲೇ ಯಾರೂ ಗಾಬರಿಯಾಗಬೇಕಿಲ್ಲ. ಇವರು ಜೀವಮಾನದಲ್ಲಿ ಹಿಡಿದದ್ದು ಬೋನಿಗೆ ಬಿದ್ದ ನಾಲ್ಕೈದು ಇಲಿ. ಅವನ್ನೂ ಕೊಲ್ಲಲು ಮನಸ್ಸು ಬಾರದೆ ಸ್ಟೇಷನ್ನಿನ ಆಚೆ ಬಿಟ್ಟು ಬಂದವರು. ಇವರಿಗೆ ಬೇಕಾಗಿದ್ದದ್ದು ಜಿಂಕೆಯನ್ನು ನೋಡುವುದು. ಅದೂ ಯಾವುದೋ ಜಿಂಕೆಯಲ್ಲ, ನಾನು ಇಪ್ಪತ್ತಾರು ಬೇಸಗೆ ಅಡುಗೆಮನೆಯ ಕಿಟಕಿಯಿಂದ ನೋಡಿದ ಜಿಂಕೆ.

ನಮ್ಮ ಬಿಲ್ಡಿಂಗ್ ಇರುವುದು ಮುಂಬಯಿಯ ಭಾಂಡುಪಿನಲ್ಲಿ, ಗುಡ್ಡದ ಬುಡದ ಕಾಲನಿಯಲ್ಲಿ ಕೊನೆಯದು. ಕಾಂಪೌಂಡಿನ ಹಿಂಬದಿಗೆ ಗೋಡೆಯಿಲ್ಲ, ತಂತಿ ಬೇಲಿ. ಬೋರಿವಲಿಯ ಕಡೆಯಿಂದ ಬರುವ ಕಾಡು ಆ ಬೇಲಿಯವರೆಗೆ ಬಂದು ನಿಲ್ಲುತ್ತದೆ. ದಿನಾ ಬೆಳಗ್ಗೆ ಆರೂವರೆಗೆ ನಮ್ಮ ಟೆರೇಸಿನ ಟ್ಯಾಂಕು ತುಂಬಿ ಹೊರಚೆಲ್ಲುತ್ತದೆ, ಏಕೆಂದರೆ ಪಂಪು ನಿಲ್ಲಿಸಬೇಕಾದ ವಾಚ್‌ಮನ್‌ಗೆ ಅದು ಸ್ನಾನದ ಹೊತ್ತು. ಆ ನೀರು ಪೈಪಿನಲ್ಲಿ ಇಳಿದು, ಬೇಲಿಯ ಅಡಿಯಿಂದ ನುಸುಳಿ, ಆಚೆಯ ತಗ್ಗಿನಲ್ಲಿ ನಿಲ್ಲುತ್ತದೆ. ಗುಡ್ಡ ಒಣಗುವ ತಿಂಗಳುಗಳಲ್ಲಿ ಅದನ್ನು ಕುಡಿಯಲು ಚುಕ್ಕೆ ಜಿಂಕೆ ಬರುತ್ತದೆ. ಒಮ್ಮೊಮ್ಮೆ ಒಂದು, ಒಮ್ಮೊಮ್ಮೆ ಮೂರು. ನಮ್ಮ ಮನೆ ಎರಡನೆಯ ಮಹಡಿಯಲ್ಲಿ. ಕಾಫಿ ಲೋಟ ಹಿಡಿದು ಕಿಟಕಿಯಲ್ಲಿ ನಿಂತರೆ ಅದರ ಬೆನ್ನಿನ ಚುಕ್ಕೆ ಎಣಿಸಬಹುದು.

ಇದನ್ನು ನಮ್ಮವರು ನಂಬಿರಲಿಲ್ಲ. ಇವರು ವಿಲೆ ಪಾರ್ಲೆಯ ಒಂದು ಉಡುಪಿ ಹೋಟೆಲಿನಲ್ಲಿ ಮೂವತ್ತೊಂದು ವರ್ಷ ದುಡಿದವರು. ಬೆಳಕು ಹರಿಯುವ ಮುಂಚಿನ ಲೋಕಲ್ ಹಿಡಿದು, ದಾದರಿನಲ್ಲಿ ಗಾಡಿ ಬದಲಿಸಿ, ಹೋಟೆಲಿನ ಶಟರ್ ಎತ್ತಿಸುವ ಹೊತ್ತಿಗೆ ಅಲ್ಲಿರಬೇಕಿತ್ತು. ನಾವು ಈ ಮನೆಗೆ ಬಂದ ಮೊದಲ ಬೇಸಗೆಯಲ್ಲಿ ನಾನು ಖುಷಿಯಿಂದ, "ಇವತ್ತು ಜಿಂಕೆ ಬಂದಿತ್ತು ಮಾರಾಯ್ರೆ" ಎಂದೆ. ಇವರು ಚಪ್ಪಲಿ ಬಿಡುತ್ತ, "ಯಾರದ್ದೋ ಆಡು ಇರ್ಬೇಕು" ಎಂದರು. ಅಲ್ಲಿಂದ ನನ್ನ ಜಿಂಕೆ ಆಡಾಯಿತು. ನೆಂಟರು ಬಂದರೆ, "ಇವಳಿಗೆ ಒಂದು ಆಡು ಉಂಟು, ಚುಕ್ಕೆಯದ್ದು" ಎಂದು ಪರಿಚಯ ಮಾಡಿಕೊಡುತ್ತಿದ್ದರು. ವಾರದ ರಜೆಯ ದಿನ ಎಬ್ಬಿಸಿದರೆ ಮಗ್ಗುಲು ಬದಲಿಸಿ, "ಆಡಿಗೆ ನನ್ನ ನಮಸ್ಕಾರ ಹೇಳು" ಎಂದು ಮತ್ತೆ ಗೊರಕೆ. ನಾನೂ ಎಲ್ಲರ ಜೊತೆ ನಗುತ್ತಿದ್ದೆ. ಆದರೆ ಒಳಗೊಳಗೆ ಬೇಸರವಾಗುತ್ತಿತ್ತು. ಕಣ್ಣಾರೆ ಕಂಡದ್ದನ್ನು ಹೇಳಿದರೂ ನಂಬದ ಮನುಷ್ಯನಿಗೆ ಇನ್ನೇನು ಹೇಳುವುದು ಎಂದು ನಾಲ್ಕೈದು ವರ್ಷದಲ್ಲಿ ಹೇಳುವುದನ್ನೇ ಬಿಟ್ಟೆ.

ಕಳೆದ ದೀಪಾವಳಿಗೆ ಇವರು ನಿವೃತ್ತರಾದರು. ಅದೇ ಹೊತ್ತಿಗೆ ಬಿಲ್ಡಿಂಗ್ ರೀಡೆವಲಪ್‌ಮೆಂಟ್‌ಗೆ ಹೋಗುವುದೆಂದು ತೀರ್ಮಾನವಾಯಿತು. ಮೇ ತಿಂಗಳ ಕೊನೆಗೆ ಎಲ್ಲರೂ ಮನೆ ಖಾಲಿ ಮಾಡಬೇಕು. ಆಮೇಲೆ ಈ ಬಿಲ್ಡಿಂಗೂ ಇಲ್ಲ, ಟ್ಯಾಂಕೂ ಇಲ್ಲ, ಚೆಲ್ಲುವ ನೀರೂ ಇಲ್ಲ. ಹೊಸದು ಎದ್ದಾಗ ನಮಗೆ ಹದಿನಾಲ್ಕನೆಯ ಮಹಡಿಯಂತೆ. ಅಲ್ಲಿಂದ ಆಡು ಯಾವುದು, ಜಿಂಕೆ ಯಾವುದು ಎಂದು ದೇವರೇ ಹೇಳಬೇಕು.

ಮಾರ್ಚಿನ ಒಂದು ಬೆಳಗ್ಗೆ ಇವರು ನೀರು ಕುಡಿಯಲೆಂದು ಅಡುಗೆಮನೆಗೆ ಬಂದವರು ನನ್ನ ಹೆಗಲ ಮೇಲಿನಿಂದ ಹೊರಗೆ ನೋಡಿದರು. ಏನೋ ಕೆಂಚಗಿನದು ಬಾಲ ಎತ್ತಿ ಪೊದೆಯೊಳಗೆ ನುಗ್ಗಿತು. ಬಾಲದ ಅಡಿ ಬೆಳ್ಳಗಿತ್ತು. ಇವರು, "ಆಡಿಗೆ ಹಾಗೆ ಬಾಲ ಇರುದಿಲ್ಲ ಅಲ್ವಾ?" ಎಂದರು. ಇಪ್ಪತ್ತಾರು ವರ್ಷಕ್ಕೆ ಇಷ್ಟೇ ಕ್ಷಮಾಪಣೆ. ನಾನು ದೋಸೆ ಹುಯ್ಯಲು ಹೋದೆ.

ಅಂದಿನಿಂದ ಇವರಿಗೆ ಹಟ ಹಿಡಿಯಿತು. ಮನೆ ಬಿಡುವ ಮುಂಚೆ ಒಮ್ಮೆಯಾದರೂ ಅದನ್ನು ಪೂರ್ತಿಯಾಗಿ, ಮೂತಿಯಿಂದ ಬಾಲದವರೆಗೆ ನೋಡಬೇಕು. ದಿನಾ ಆರಕ್ಕೇ ಎದ್ದು ಕಿಟಕಿಗೆ ಬರತೊಡಗಿದರು. ಇವರು ಬಂದರೆ ಜಿಂಕೆ ಓಡುತ್ತಿತ್ತು. ಅದರಲ್ಲಿ ಜಿಂಕೆಯ ತಪ್ಪೇನೂ ಇಲ್ಲ. ಹೋಟೆಲಿನಲ್ಲಿ ಇವರ ಕೆಲಸ ಗಿರಾಕಿಗಳು ಕೂರುವ ಹಾಲಿಗೂ ಅಡುಗೆಮನೆಗೂ ನಡುವಿನ ಕಿಂಡಿಯಲ್ಲಿ ನಿಂತು, ಗ್ರೈಂಡರಿನ ಸದ್ದನ್ನು ಮೀರಿಸಿ ಆರ್ಡರ್ ಕೂಗುವುದು. ಮೂವತ್ತೊಂದು ವರ್ಷ "ಎರಡು ಇಡ್ಲಿ, ಒಂದು ಸಾದಾ" ಎಂದು ಕೂಗಿದ ಗಂಟಲಿಗೆ ಪಿಸುಮಾತು ಎಂಬುದೇ ಮರೆತುಹೋಗಿದೆ. "ಎಲ್ಲುಂಟು?" ಎಂದು ಇವರು ಗುಟ್ಟಾಗಿ ಕೇಳಿದರೆ ನಾಲ್ಕನೆಯ ಮಹಡಿಯವರು ಬಗ್ಗಿ ನೋಡುತ್ತಾರೆ.

"ಕಿಟಕಿಯಿಂದ ಆಗುದಿಲ್ಲ. ಸಾಮಾನು ಸರಿಯಿಲ್ಲದೆ ಯಾವ ಕೆಲಸವೂ ಆಗುದಿಲ್ಲ" ಎಂದು ತೀರ್ಮಾನಿಸಿದರು. ಕಾವಲಿ ಸರಿಯಿಲ್ಲದೆ ದೋಸೆ ಏಳುವುದಿಲ್ಲ ಎನ್ನುವ ಜನ ಇವರು. ಮೊಬೈಲಿನಲ್ಲಿ ಹುಡುಕಿದರು. ಅಮೆರಿಕದ ಗಡ್ಡದ ಗಂಡಸರು ಒಂದು ಬಟ್ಟೆಯ ಪೆಟ್ಟಿಗೆಯೊಳಗೆ ಕೂತು, ಜಿಂಕೆ ಹೊಡೆಯಲು ಯಾವ ಪೆಟ್ಟಿಗೆ ಒಳ್ಳೆಯದು ಎಂದು ಗಂಟೆಗಟ್ಟಲೆ ವಿವರಿಸುವ ವಿಡಿಯೋ ಸಿಕ್ಕಿದವು. ಒಳಗೆ ಕಪ್ಪಗಿರಬೇಕು, ಕಿಟಕಿ ತೆರೆದರೆ ಸದ್ದಾಗಬಾರದು, ಬಿಲ್ಲು ಎಳೆಯಲು ಮೊಣಕೈಗೆ ಜಾಗವಿರಬೇಕು. ಇವರು ಇಂಗ್ಲಿಷ್ ಅರ್ಧ ತಿಳಿದು, ಇನ್ನರ್ಧ ತಲೆಯಾಡಿಸಿ ನೋಡಿದರು. ಹೋಟೆಲಿನ ಬಿಲ್ಲು ಪುಸ್ತಕ ಬಿಟ್ಟರೆ ಇವರು ಬೇರಾವ ಬಿಲ್ಲನ್ನೂ ಕೈಯಲ್ಲಿ ಹಿಡಿದವರಲ್ಲ ಎಂದು ನಾನು ನೆನಪಿಸಿದೆ. ವಿಡಿಯೋದವರು ಅದಕ್ಕೆ ಬ್ಲೈಂಡ್ ಎನ್ನುತ್ತಿದ್ದರು. ಆಮೇಲೆ ಅಂಗಡಿಯವನು ಹೈಡ್ ಎಂದ. ನಾನು ನೋಡಿದ ಕೂಡಲೇ ಗೂಡಂಗಡಿ ಎಂದೆ, ನಮ್ಮ ಮನೆಯಲ್ಲಿ ಅದು ಬರೇ ಗೂಡು ಆಗಿ ಉಳಿಯಿತು.

ಅಂಗಡಿ ಘಾಟ್ಕೋಪರಿನಲ್ಲಿ, ಟ್ರೆಕ್ಕಿಂಗಿಗೆ ಹೋಗುವವರ ಚೀಲ, ಡೇರೆ, ಟಾರ್ಚು ಮಾರುವಂಥದ್ದು. ಅಲ್ಲಿ ಹಕ್ಕಿಗಳ ಫೋಟೋ ತೆಗೆಯುವವರಿಗೆಂದು ಮೂರು ಗೂಡು ಇದ್ದವು. ಮೊದಲನೆಯದು ಕುರ್ಚಿಗೇ ಕೊಡೆಯಂತೆ ಬಟ್ಟೆ ಹೊದಿಸಿದ್ದು. ಕೂತು ತಲೆಯ ಮೇಲಿನಿಂದ ಎಳೆದುಕೊಳ್ಳಬೇಕು. ನಮ್ಮವರು ಕೂತು ಎಳೆದುಕೊಂಡರು. ಬಟ್ಟೆ ಹೊಟ್ಟೆಯ ಹತ್ತಿರ ಬಂದು ನಿಂತಿತು. ಹೋಟೆಲಿನವರ ಹೊಟ್ಟೆಯನ್ನು ಆ ಕಂಪನಿ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಎರಡನೆಯದು ಇಬ್ಬರು ಕೂರುವಂಥ ದೊಡ್ಡದು. ಮೂರನೆಯದು ಒಬ್ಬರಿಗೆ, ನಾಲ್ಕು ಗೋಡೆ, ನಾಲ್ಕೂ ಕಡೆ ಕಿಟಕಿ.

ಇವರು ಮೂರನೆಯದರೊಳಗೆ ಹೋಗಿ ಕೂತು, ಕಿಟಕಿಯ ಪಟ್ಟಿಯನ್ನು ಹತ್ತು ಸಲ ತೆಗೆದು ಹಾಕಿ ಕಿವಿಯಿಟ್ಟು ಕೇಳಿದರು. ಜಿಪ್ ಇಲ್ಲ, ಕೊಕ್ಕೆ ಮಾತ್ರ, ಸದ್ದಿಲ್ಲ. ಹೊರಗಿನ ಬಟ್ಟೆಯ ಮೇಲೆ ಯಾವುದೋ ಶೀತದೇಶದ ಕೆಂಪು ಎಲೆಗಳ ಚಿತ್ರವಿತ್ತು. ಭಾಂಡುಪಿನ ಜಿಂಕೆ ಅಂಥ ಎಲೆಯನ್ನು ಜನ್ಮದಲ್ಲಿ ನೋಡಿರುವುದಿಲ್ಲ ಎಂದು ಇವರು ತಕರಾರು ತೆಗೆದರು. ಅಂಗಡಿಯವನು ಒಳಗಿನಿಂದ ಒಣಹುಲ್ಲಿನ ಬಣ್ಣದ್ದನ್ನು ತಂದ. ಆಮೇಲೆ ಒಳಗಿನಿಂದಲೇ ನನಗೆ ಅಪ್ಪಣೆಯಾಯಿತು.

"ಇವಳೆ, ನೀನೊಮ್ಮೆ ಜಿಂಕೆ ಆಗು."

"ಎಂತ ಆಗ್ಬೇಕು?"

"ಅಲ್ಲಿ ಹೋಗಿ ನಿಲ್ಲು. ಆಚೀಚೆ ನೋಡು. ನಾನು ಕಾಣ್ತೇನಾ ಹೇಳು."

ಐವತ್ತೆಂಟು ವರ್ಷದ ನಾನು ಕೈಯಲ್ಲಿ ತರಕಾರಿ ಚೀಲ ಹಿಡಿದು, ಮಲಗುವ ಚೀಲಗಳ ರಾಶಿಯ ಪಕ್ಕ ಜಿಂಕೆಯಾಗಿ ನಿಂತೆ. ಕಿಟಕಿಯ ಕತ್ತಲಲ್ಲಿ ಬೇರೇನೂ ಕಾಣುತ್ತಿರಲಿಲ್ಲ. ಇವರ ಹಣೆಯ ಗಂಧದ ಬೊಟ್ಟು ಮಾತ್ರ ಹಳದಿಯಾಗಿ ಕಾಣುತ್ತಿತ್ತು. "ಬೊಟ್ಟು ಕಾಣ್ತದೆ" ಎಂದೆ. "ಅದನ್ನು ಬಿಟ್ಟು ಹೇಳು" ಎಂದು ಒಳಗಿನಿಂದ ಆರ್ಡರ್ ಕೂಗುವ ಗಂಟಲಲ್ಲೇ ಉತ್ತರ ಬಂತು. ಅಂಗಡಿಗೆ ಬಂದಿದ್ದ ಇಬ್ಬರು ಕಾಲೇಜು ಹುಡುಗಿಯರು ಟಾರ್ಚು ನೋಡುವುದನ್ನು ಬಿಟ್ಟು ನಮ್ಮನ್ನೇ ನೋಡಿದರು.

"ಅಂಕಲ್, ದೋ ಆದ್ಮಿ ವಾಲಾ ಲೇ ಲೋ. ಆಂಟಿ ಭೀ ಬೈಠೇಂಗೀ" ಎಂದು ಅಂಗಡಿಯವನು ನಾನೂ ಕೂರಬಹುದಾದ ದೊಡ್ಡದನ್ನು ತೋರಿಸಿದ.

"ಆಂಟಿ ನೇ ದೇಖ್ ಲಿಯಾ ಹೈ. ಛಬ್ಬೀಸ್ ಸಾಲ್ ದೇಖಾ" ಎಂದು ಇವರು ಒಬ್ಬರದ್ದನ್ನೇ ಆರಿಸಿದರು. ಹಿಂದುಗಡೆಯ ಕಿಟಕಿ ದಂಡ, ಅದಿಲ್ಲದ್ದು ಇದೆಯೇ ಎಂದೂ ಕೇಳಿದರು. ಜಿಂಕೆ ಮುಂದೆ ಇರುವಾಗ ಹಿಂದೆ ನೋಡಿ ಎಂತ ಮಾಡುವುದು ಎಂಬುದು ಇವರ ಪ್ರಶ್ನೆ. ಅಂಥದ್ದು ಇರಲಿಲ್ಲ.

ನನಗೆ ಆಗ ಸ್ವಲ್ಪ ಚುಚ್ಚಿತು, ಸುಳ್ಳು ಹೇಳುವುದಿಲ್ಲ. ಆಂಟಿ ಇಪ್ಪತ್ತಾರು ವರ್ಷ ನೋಡಿಯಾಗಿದೆ ಎಂದರೆ ಸಾಕೇ? ನಾನು ನೋಡಿದ್ದೆಲ್ಲ ಒಬ್ಬಳೇ ನೋಡಿದ್ದು. ಆದರೆ ಲೋಕಲ್‌ನಲ್ಲಿ ಆ ಚಪ್ಪಟೆ ಚೀಲವನ್ನು ಎದೆಗವಚಿಕೊಂಡು ನಿಂತ ಇವರ ಮುಖದ ಖುಷಿ ನೋಡಿ ಅದನ್ನು ಅಲ್ಲಿಗೇ ಬಿಟ್ಟೆ.

ಬಿಲ್ಡಿಂಗಿನ ಸೆಕ್ರೆಟರಿ ಮರಾಠಿಯವರು, ಒಳ್ಳೆಯ ಮನುಷ್ಯ, ಆದರೆ ಕಾಗದವಿಲ್ಲದೆ ಉಸಿರಾಡುವುದಿಲ್ಲ. ಕಾಂಪೌಂಡಿನಲ್ಲಿ ಗೂಡು ನಿಲ್ಲಿಸಿದ್ದನ್ನು ನೋಡಿ ಸುತ್ತ ಒಂದು ಪ್ರದಕ್ಷಿಣೆ ಬಂದು, "ಕಾಕಾ, ಹೇ ಸ್ಟ್ರಕ್ಚರ್ ಆಹೇ. ಲೆಟರ್ ದ್ಯಾವಂ ಲಾಗೇಲ್" ಎಂದರು. ತಿಂಗಳೊಳಗೆ ನೆಲಸಮವಾಗುವ ಬಿಲ್ಡಿಂಗಿನ ಹಿಂದೆ ಬಟ್ಟೆಯ ಗೂಡು ಇಡಲು ಇವರು ಅರ್ಜಿ ಬರೆದರು. ಕಮಿಟಿ ಕೂತಿತು. ಬೆಳಗ್ಗೆ ಎಂಟರೊಳಗೆ ಮಡಚಿಡತಕ್ಕದ್ದು, ಒಳಗೆ ಸ್ಟೋವ್ ಹಚ್ಚತಕ್ಕದ್ದಲ್ಲ ಎಂಬ ಷರತ್ತಿನ ಮೇಲೆ ಒಪ್ಪಿಗೆ ಕೊಟ್ಟಿತು.

ಜಿಂಕೆಗೆ ಮೂಗು ಚುರುಕು, ಹೊಸ ಬಟ್ಟೆಯ ವಾಸನೆ ಹೋಗುವವರೆಗೆ ಗೂಡನ್ನು ಗಾಳಿಗಿಡಿ ಎಂದು ವಿಡಿಯೋದಲ್ಲಿ ಹೇಳಿದ್ದರು. ಇವರು ಒಂದು ವಾರ ಅದನ್ನು ಟೆರೇಸಿನಲ್ಲಿ ಬಿಚ್ಚಿ ಒಣಗಿಸಿದರು. ತಾವೂ ತಲೆಗೆ ತೆಂಗಿನೆಣ್ಣೆ ಹಚ್ಚುವುದನ್ನು, ಮೈಗೆ ಪೌಡರ್ ಹಾಕುವುದನ್ನು ಬಿಟ್ಟರು. ನನಗೆ ಬೆಳಗ್ಗೆ ಒಗ್ಗರಣೆ ಹಾಕಬಾರದೆಂದು ತಾಕೀತಾಯಿತು. ಎಂಟನೆಯ ದಿನ ಬೆಳಗ್ಗೆ ಸ್ನಾನ ಮಾಡಿ, ಮಡಿಯುಟ್ಟು, ಗೂಡನ್ನು ಬೇಲಿಯ ಹತ್ತಿರ ನಿಲ್ಲಿಸಿ, ಅದಕ್ಕೆ ಪೂಜೆ ಮಾಡಿದರು.

ಹೋಟೆಲಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊಸ ಗ್ರೈಂಡರಿರಲಿ, ಫ್ರಿಜ್ಜಿರಲಿ, ಕಾಫಿ ಮೆಷಿನ್ನಿರಲಿ, ಪೂಜೆಯಾಗದೆ ಗುಂಡಿ ಒತ್ತಿದವರಿಲ್ಲ. ಗೂಡಿನ ನಾಲ್ಕು ಮೂಲೆಗೆ ಅರಸಿನ ಕುಂಕುಮ ಹಚ್ಚಿದರು. ಬಾಗಿಲಿಗೆ ಗೊಂಡೆಹೂವಿನ ಮಾಲೆ. ಅಗರಬತ್ತಿಯ ದೊಡ್ಡ ಕಟ್ಟನ್ನೇ ಹಚ್ಚಿ ಒಳಗೆಲ್ಲ ಆಡಿಸಿದರು. ಕೊನೆಗೆ ಕರ್ಪೂರದಾರತಿ. ಏಳು ದಿನ ಗಾಳಿಗಿಟ್ಟ ಬಟ್ಟೆ ಏಳು ನಿಮಿಷದಲ್ಲಿ ಗರ್ಭಗುಡಿಯ ವಾಸನೆ ಹಿಡಿಯಿತು.

"ಅಲ್ಲ ಮಾರಾಯ್ರೆ, ಈ ಕರ್ಪೂರ ಜಿಂಕೆಗೆ ಆಗ್ತದಾ?" ಎಂದು ಕೇಳಿದೆ.

"ದೇವರ ವಾಸನೆ ಯಾರಿಗೂ ಎಂತ ಮಾಡುದಿಲ್ಲ" ಎಂದರು.

ಐದು ದಿನ ಜಿಂಕೆ ಬರಲಿಲ್ಲ. ನೀರು ಚೆಲ್ಲುತ್ತಿತ್ತು, ಕಾಗೆಗಳು ಕುಡಿದು ಹೋಗುತ್ತಿದ್ದವು. ಇವರು ದಿನಾ ಆರಕ್ಕೆ ಇಳಿದು ಹೋಗಿ, ಎಂಟಕ್ಕೆ ಬೆವರಿಳಿಸಿಕೊಂಡು ಮೇಲೆ ಬರುತ್ತಿದ್ದರು. ಮೊದಲ ಎರಡು ದಿನ ನಾನು, "ಆಡು ಬಂತಾ?" ಎಂದು ಕೇಳಿ ಇಪ್ಪತ್ತಾರು ವರ್ಷದ ಬಾಕಿ ತೀರಿಸಿಕೊಂಡೆ. ಮೂರನೆಯ ದಿನ ಇವರ ಮುಖ ನೋಡಿ ಕೇಳುವ ಮನಸ್ಸಾಗಲಿಲ್ಲ. ಮನೆಯೊಳಗೆ ಆಗಲೇ ಪಾತ್ರೆ ಕಟ್ಟಲು ಶುರು ಮಾಡಿದ್ದೆವು. ಮೇ ತಿಂಗಳು ಮುಗಿಯಲು ಬಂದಿತ್ತು. ಐದನೆಯ ದಿನ ಇವರು ಸ್ಟೂಲಿನ ಮೇಲೆ ಕೂತು, "ಮೊದಲ ಸಲ ನೀನು ಹೇಳಿದಾಗ್ಲೇ ಒಂದು ದಿನ ರಜೆ ಹಾಕಿ ನೋಡ್ಬೇಕಿತ್ತು" ಎಂದರು. ನಾನು ಬಾಣಲೆಗಳನ್ನು ಪೇಪರಿನಲ್ಲಿ ಸುತ್ತುತ್ತಲೇ ಇದ್ದೆ.

ಅಂದು ಮಧ್ಯಾಹ್ನ ಇವರು ಮಡಚಿಟ್ಟ ಗೂಡನ್ನು ಬಿಚ್ಚಿ ಒದ್ದೆ ಬಟ್ಟೆಯಲ್ಲಿ ಒರೆಸಿದರು. ಒಣಗಿದ ಗೊಂಡೆಹೂವಿನ ಮಾಲೆಯನ್ನು ಬಿಚ್ಚಿದರು. ಪೂಜೆಯ ಹೂವನ್ನು ಕಸಕ್ಕೆ ಹಾಕುವ ಹಾಗಿಲ್ಲವಲ್ಲ, ಬೇಲಿಯಾಚೆಯ ಮರದ ಬುಡಕ್ಕೆ ಎಸೆದರು.

ಆರನೆಯ ಬೆಳಗ್ಗೆ ಟ್ಯಾಂಕು ತುಂಬಿ ಚೆಲ್ಲುವ ಸದ್ದು ಕೇಳಿದ ಮೇಲೆ ನಾನು ಎಂದಿನಂತೆ ಕಾಫಿ ಹಿಡಿದು ಕಿಟಕಿಗೆ ಬಂದೆ. ಕೆಳಗೆ ಹುಲ್ಲಿನ ಬಣ್ಣದ ಗೂಡು, ಒಳಗೆ ಇವರು. ಪೊದೆ ಅಲುಗಿತು. ಒಂದೇ ಒಂದು ಹೆಣ್ಣು ಜಿಂಕೆ. ಅದು ಮೊದಲು ನೀರಿಗೆ ಹೋಗಲಿಲ್ಲ. ಮರದ ಬುಡಕ್ಕೆ ಬಂದು ಗೊಂಡೆಹೂವನ್ನು ಒಂದೊಂದಾಗಿ ತಿಂದಿತು. ಗೂಡಿನಿಂದ ಹತ್ತು ಹೆಜ್ಜೆ ಇದ್ದೀತು. ಇವರು ಈಗ ಕೂಗುತ್ತಾರೆ, ಈಗ ಕೆಮ್ಮುತ್ತಾರೆ ಎಂದು ನಾನು ಮೇಲೆ ಲೋಟ ಬಿಗಿಹಿಡಿದು ನಿಂತೆ. ಗೂಡಿನಿಂದ ಒಂದು ಸದ್ದಿಲ್ಲ. ಜಿಂಕೆ ಹೂವು ಮುಗಿಸಿ ನೀರು ಕುಡಿದು, ಎಂದಿನಂತೆ ತಲೆಯೆತ್ತಿ ನನ್ನ ಕಡೆ ನೋಡಿ, ಮತ್ತೆ ಕುಡಿದು, ನಿಧಾನವಾಗಿ ಹೋಯಿತು.

ಅದು ಹೋಗಿ ಎಷ್ಟು ಹೊತ್ತಾದರೂ ಇವರು ಹೊರಗೆ ಬರಲಿಲ್ಲ. ನಾನು ಕೆಳಗಿಳಿಯಬೇಕು ಎನ್ನುವಷ್ಟರಲ್ಲಿ ಮೇಲೆ ಬಂದರು. ಹೂವು ತಿಂದ ಸಂಗತಿಯನ್ನು, ಕರ್ಪೂರವೇ ಕರೆಸಿತು ಎಂಬ ವಾದವನ್ನು ನಾನು ಎದುರುನೋಡುತ್ತಿದ್ದೆ. ಇವರು ಅಡುಗೆಮನೆಯ ಬಾಗಿಲಲ್ಲೇ ನಿಂತರು.

"ಅದು ನೀರು ಕುಡಿದು ತಲೆ ಎತ್ತಿ ನೋಡಿತಲ್ಲ, ಎಂತ ನೋಡ್ತದೆ ಅಂತ ನಾನು ಹಿಂದಿನ ಕಿಟಕಿ ತೆಗೆದೆ" ಎಂದರು. "ನೋಡಿದ್ರೆ ನೀನು. ಲೋಟ ಹಿಡ್ಕೊಂಡು ನಿಂತಿದ್ದಿ."

"ದಿನಾ ನಿಲ್ತೇನೆ."

"ಇಷ್ಟು ವರ್ಷವೂ?"

"ನೀವು ಹೋದ ಮೇಲೆ ಇನ್ನೆಂತ ಮಾಡುದು?"

"ನಾನು ಹೋದ ಮೇಲೆ ನೀನು ಮತ್ತೆ ಮಲಗ್ತಿ ಅಂತ ತಿಳ್ಕೊಂಡಿದ್ದೆ" ಎಂದರು. ಇವರ ದನಿ ಅಷ್ಟು ತಗ್ಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಹನ್ನೊಂದು ಗಂಟೆಗೆ ಇವರು ಮಡಚಿದ ಗೂಡನ್ನು ಚೀಲಕ್ಕೆ ಹಾಕಿ, ನನ್ನನ್ನೂ ಕರೆದುಕೊಂಡು ಘಾಟ್ಕೋಪರಿಗೆ ಹೊರಟರು. ಇದನ್ನು ತೆಗೆದುಕೊಂಡು ಇಬ್ಬರು ಕೂರುವುದನ್ನು ಕೊಡು ಎಂದು ಅಂಗಡಿಯವನನ್ನು ಕೇಳಿದರು. ಅವನು ಚೀಲ ಬಿಚ್ಚಿದ. ಒರೆಸಿದರೂ ಹೋಗದ ಅರಸಿನ ಕುಂಕುಮ ನಾಲ್ಕು ಮೂಲೆಯಲ್ಲೂ ಇತ್ತು. ಅವನು ಅದನ್ನು ಮುಟ್ಟಿ, ಬೆರಳನ್ನು ಕಣ್ಣಿಗೊತ್ತಿಕೊಂಡು, "ಅಂಕಲ್, ಪೂಜಾ ಕಿಯಾ ಹುವಾ ಮಾಲ್ ಮೈಂ ವಾಪಸ್ ಕೈಸೇ ಲೂಂ?" ಎಂದ. ನಮ್ಮವರು ಚೀಲವನ್ನು ಮತ್ತೆ ಕಟ್ಟಿಕೊಂಡರು. ಪೂಜೆಯಾದ ಸಾಮಾನನ್ನು ತಾವೂ ಹಾಗೆ ವಾಪಸು ತೆಗೆದುಕೊಳ್ಳುವವರಲ್ಲ. ಬಂದ ದಾರಿಯಲ್ಲೇ ಲೋಕಲ್ ಹಿಡಿದೆವು. ದಾರಿಯುದ್ದಕ್ಕೂ ಇವರು ಆ ಚೀಲವನ್ನು ನೋಡುತ್ತ ಏನೋ ಅಳತೆ ಹಾಕುತ್ತಿದ್ದರು.

ಮರುದಿನ ಬೆಳಗ್ಗೆ ಗೂಡಿನೊಳಗಿನ ಕುರ್ಚಿಯನ್ನು ಹೊರಗಿಟ್ಟು ಎರಡು ಪ್ಲಾಸ್ಟಿಕ್ ಸ್ಟೂಲು ಹಾಕಿದರು. "ಬಾ" ಎಂದರು. ಒಬ್ಬರಿಗೆಂದು ಹೊಲಿದ ಬಟ್ಟೆ ಇಬ್ಬರ ಹೆಗಲಿಗೂ ತಾಗಿ ಉಬ್ಬಿತು. ಸೆಕೆ, ಕರ್ಪೂರದ ವಾಸನೆ, ನನ್ನ ಮಂಡಿ ಇವರ ಮಂಡಿಗೆ ಒತ್ತಿ ನೋಯುತ್ತಿತ್ತು. ನನ್ನ ಮೊಣಕೈಯನ್ನು ಎಲ್ಲಿಡುವುದೆಂದು ಕೇಳಿದರೆ ಇವರು ತುಟಿಗೆ ಬೆರಳಿಟ್ಟು ನನ್ನನ್ನೇ ಸುಮ್ಮನಿರಿಸಿದರು.

ಟ್ಯಾಂಕಿನ ನೀರು ಚೆಲ್ಲಿತು. ಅದೇ ಜಿಂಕೆ ಬಂತು. ಇಷ್ಟು ವರ್ಷ ದೂರದಿಂದ, ಮೇಲಿನಿಂದ ಮಾತ್ರ ನೋಡಿದವಳು ನಾನು. ಅದರ ರೆಪ್ಪೆ ಅಷ್ಟು ಉದ್ದ ಎಂದು ಗೊತ್ತೇ ಇರಲಿಲ್ಲ. ಅದು ಕುಡಿದು, ತಲೆಯೆತ್ತಿ, ನಮ್ಮ ಗೂಡಿನ ಮೇಲಿನಿಂದ ಎರಡನೆಯ ಮಹಡಿಯ ಕಡೆ ನೋಡಿತು. ಕಿಟಕಿಯಲ್ಲಿ ಯಾರೂ ಇರಲಿಲ್ಲ. ಅದು ಕಿವಿಯನ್ನು ಮುಂದಕ್ಕೆ ಚಾಚಿ ನೋಡುತ್ತಲೇ ನಿಂತಿತು. ಜಿಂಕೆಗೆ ಎಂತ ಗೊತ್ತಾಗುತ್ತದೆ, ಹಾರುವ ಕಾಗೆಯನ್ನು ನೋಡಿದ್ದಿರಬಹುದು ಎಂದು ನಾನು ನನಗೇ ಹೇಳಿಕೊಂಡೆ.

"ನಿನ್ನನ್ನು ಹುಡುಕ್ತಾ ಉಂಟು" ಎಂದು ಇವರು ನನ್ನ ಕಿವಿಯಲ್ಲಿ ಹೇಳಿದರು. ಎಷ್ಟು ಮೆಲ್ಲಗೆ ಎಂದರೆ ಜಿಂಕೆ ಅಲ್ಲಾಡಲಿಲ್ಲ. ಇನ್ನು ಆರು ದಿನಕ್ಕೆ ನಾವು ಮನೆ ಬಿಡುವವರಿದ್ದೆವು. ನಾನು ಮೇಲೆ ಹೋಗಿ ಕಿಟಕಿಯಲ್ಲಿ ನಿಲ್ಲಲಾರದೆ, ಇವರ ಪಕ್ಕದಿಂದ ಏಳಲೂ ಆರದೆ, ಅದು ನೋಡಿ ಮುಗಿಸುವವರೆಗೆ ಅಲ್ಲೇ ಕೂತಿದ್ದೆ.